ಬಾಣಂತಿಗೆ ಗಾಳಿ ಬಡಿಸಿದಾಕಿ

ಹೋದ ವರ್ಷ ಬೇಸಿಗೆಯ ಕೊನೆಯಲ್ಲಿ ನಡೆದ ಮಾತಿದು. ರೋಹಿಣಿ ಮಳೆ ಇನ್ನೂ ಕೂಡಿರಲಿಲ್ಲ. ಆದರೆ ನಮ್ಮ ಅಬ್ಬಿಗೇರಿಯಲ್ಲಿ ಹೊತ್ತು ಇಳಿಯಿತೆಂದರೆ ಸಾಕು, ಮುಗಿಲು ಕೆಂಪಗಾಗಿ, ಮುಂಗಾರಿಗೆ ಮೊದಲಿನ ಅಡ್ಡಮಳೆ ಎದ್ದು ಬರುತ್ತಿತ್ತು. ಅಂಥ ಒಂದು ಮಳೆಯ ದಿನ ನಾನು ಮಾಡಿದ ಕೆಲಸಕ್ಕೆ ನಮ್ಮ ಓಣಿಯಲ್ಲಿ ಈಗಲೂ ಕೆಲವರು ನನ್ನನ್ನು ‘ಬಾಣಂತಿಗೆ ಗಾಳಿ ಬಡಿಸಿದಾಕಿ’ ಎಂದೇ ಕರೆಯುತ್ತಾರೆ. ಕರೆಯಲಿ. ಆದರೆ ನಡೆದದ್ದು ಏನೆಂದು ನನ್ನ ಬಾಯಿಂದಲೂ ನಾಲ್ಕು ಜನ ತಿಳಿಯಲಿ ಎಂದು ಬರೆಯುತ್ತಿದ್ದೇನೆ.

ನನ್ನ ಹೆಸರು ಹಸೀನಾ. ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ನನ್ನ ಯಜಮಾನರು ರೋಣದಲ್ಲಿ ವೆಲ್ಡಿಂಗ್ ಕೆಲಸಕ್ಕೆ ಹೋಗುತ್ತಾರೆ. ನಮ್ಮ ಮನೆಗೂ ಪಕ್ಕದ ಗಂಗವ್ವ ಕಾಕಿಯ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಅವರ ಮನೆಯಲ್ಲಿ ಕೆಮ್ಮಿದರೆ ನಮಗೆ ಕೇಳುತ್ತದೆ, ನಮ್ಮ ಮನೆಯಲ್ಲಿ ಒಗ್ಗರಣೆ ಹಾಕಿದರೆ ಅವರಿಗೆ ಸೀನು ಬರುತ್ತದೆ. ಕಾಕಿಯ ಗಂಡ ತೀರಿಹೋಗಿದ್ದಾರೆ. ಕೂಲಿ ಮಾಡಿ ಮಗಳು ರೇಣುಕಾಳನ್ನು ಬೆಳೆಸಿ, ಲಕ್ಕಲಕಟ್ಟಿಗೆ ಕೊಟ್ಟು ಮದುವೆ ಮಾಡಿದ್ದರು. ಅಳಿಯ ಗೋವಾದಲ್ಲಿ ಗೌಂಡಿ ಕೆಲಸಕ್ಕೆ ಇದ್ದ. ರೇಣುಕಾ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಹೆಣ್ಣು ಕೂಸು ಹುಟ್ಟಿತು. ಮುದ್ದಾದ ಕೂಸು, ದನಿ ಮಾತ್ರ ಊರಿಗೇ ಕೇಳುವಂಥದ್ದು. ಅದು ಅತ್ತರೆ ನನ್ನ ಹೊಲಿಗೆ ಯಂತ್ರದ ಸಪ್ಪಳವೂ ಕೇಳುತ್ತಿರಲಿಲ್ಲ.

ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ರೇಣುಕಾಳ ಅತ್ತೆ ಫಕೀರವ್ವ ಲಕ್ಕಲಕಟ್ಟಿಯಿಂದ ಬಂದರು. ಬಂದವರು ತಿರುಗಿ ಹೋಗಲಿಲ್ಲ. ಸೊಸೆಯ ಬಾಣಂತನ ಸರಿಯಾಗಿ ಆಗಬೇಕು, ನಾನೇ ನಿಂತು ಮಾಡುತ್ತೇನೆ ಅಂದರು. ಹೆಣ್ಣಿನ ಕಡೆಯವರು ಗಂಡಿನ ತಾಯಿಗೆ ಎದುರು ಮಾತಾಡುವುದುಂಟೇ? ಗಂಗವ್ವ ಕಾಕಿ ಹೂಂ ಎಂದು ತಲೆ ಆಡಿಸಿದರು.

ಫಕೀರವ್ವ ಕೆಲಸಗೇಡಿಯಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಮಣ್ಣಿನ ಮಾಳಿಗೆಯ ಮನೆಗಳಿಗೆ ಮಳೆಗಾಲದ ಮೊದಲು ಕೈತುಂಬ ಕೆಲಸವಿರುತ್ತದೆ. ಮಾಳಿಗೆಗೆ ಹೊಸ ಮಣ್ಣು ಹಾಕಿ ತುಳಿಯಬೇಕು, ನೀರು ಬೀಳುವ ದೋಣಿಯ ಬಾಯಿ ಬಿಡಿಸಬೇಕು, ತಗಡುಗಳ ಮೇಲೆ ಕಲ್ಲು ಹೇರಬೇಕು, ಕುಳ್ಳು ಕಟ್ಟಿಗೆ ಒಳಗೆ ಸಾಗಿಸಬೇಕು. ಆ ಹೆಣ್ಣುಮಗಳು ಈ ವಯಸ್ಸಿನಲ್ಲಿ ಕಚ್ಚೆ ಹಾಕಿ, ನಿಚ್ಚಣಿಕೆ ಹತ್ತಿ, ಅಷ್ಟನ್ನೂ ಒಬ್ಬರೇ ಮಾಡಿದರು. ನನ್ನ ಯಜಮಾನರು ನೋಡಿ, “ನಮ್ಮ ಮಾಳಿಗಿಗೂ ಅವರನ್ನ ಕರಿಯೂಣೇನು?” ಎಂದು ಚೇಷ್ಟೆ ಮಾಡಿದ್ದರು.

ಅಷ್ಟಕ್ಕೇ ನಿಂತಿದ್ದರೆ ಚಲೋ ಇತ್ತು. ಮೊದಲ ಅಡ್ಡಮಳೆ ಬಿದ್ದ ದಿನ ಬಾಣಂತಿಯ ಕೋಣೆಯಲ್ಲಿ ತೊಟ್ಟಿಲ ಪಕ್ಕಕ್ಕೇ ಮೇಲಿನಿಂದ ಒಂದು ಚೇಳು ಬಿತ್ತು. ಕರಿ ಚೇಳು. ರೇಣುಕಾ ಚೀರಿದ್ದು ನಮ್ಮ ಮನೆಗೆ ಕೇಳಿ ನಾನೇ ಓಡಿಹೋಗಿ ಚಪ್ಪಲಿಯಿಂದ ಬಡಿದು ಕೊಂದೆ. ಮಳೆ ಬಿದ್ದರೆ ಚೇಳು, ಇಲಿ, ಹೆಗ್ಗಣ ಎಲ್ಲವೂ ಒಣ ಜಾಗ ಹುಡುಕಿಕೊಂಡು ಮನೆಯೊಳಗೆ ಬರುವುದು ಹೊಸದೇನಲ್ಲ. ಆದರೆ ತೊಟ್ಟಿಲ ಪಕ್ಕ ಬಿದ್ದದ್ದು ನೋಡಿ ಎಲ್ಲರೂ ಹೆದರಿದ್ದೆವು.

ಮರುದಿನ ಮುಂಜಾನೆಯೇ ಫಕೀರವ್ವ ಕೆಲಸಕ್ಕೆ ಕೂತರು. ಗೋಡೆಯ ಬುಡದಲ್ಲಿದ್ದ ಇಲಿಯ ಬಿಲಗಳಿಗೆ ಗಾಜಿನ ಚೂರು ತುರುಕಿ ಸಿಮೆಂಟು ಮೆತ್ತಿದರು. ಜಂತಿಯ ಸಂದಿಗಳಿಗೂ ಮೆತ್ತಿದರು. ಮಾಳಿಗೆಯ ನಡುವೆ ಬೆಳಕಿಗೆ, ಗಾಳಿಗೆ ಎಂದು ಬಿಟ್ಟಿದ್ದ ಬೆಳಕಿಂಡಿಯ ಮೇಲೆ ತಗಡು ಮುಚ್ಚಿ, ತಗಡಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಸುತ್ತ ಕೆಸರು ಮೆತ್ತಿ ಗಟ್ಟಿ ಮಾಡಿದರು. ಕೋಣೆಗಿದ್ದ ಒಂದೇ ಸಣ್ಣ ಕಿಟಕಿಗೆ ಹಳೆಯ ಸೀರೆ ತುಂಬಿದರು. ಬಾಗಿಲ ಕೆಳಗೆ ಗೋಣಿಚೀಲ ತುರುಕಿದರು. ಗಾಳಿಗೆ ಬಾಗಿಲು ಬಡಿದುಕೊಳ್ಳುತ್ತದೆಂದು ಹೊರಗಿನಿಂದ ಕೊಂಡಿ ಹಾಕುವುದನ್ನೂ ರೂಢಿ ಮಾಡಿಕೊಂಡರು.

“ಇನ್ನ ಚೇಳಲ್ಲ, ಇರಿವಿ ಸೈತ ಒಳಗ ಬರಂಗಿಲ್ಲ ನೋಡು” ಎಂದು ನನಗೆ ಕರೆದು ತೋರಿಸಿದರು. ಮುಖದಲ್ಲಿ ಗೆದ್ದ ಕಳೆ. ಒಳಗೆ ಹಾಡಹಗಲೇ ಕತ್ತಲು ಕವಿದಿತ್ತು.

ಇಷ್ಟು ಸಾಲದೆಂದು ಬಾಣಂತಿ ಮಲಗುವ ಹೊರಸಿನ ಬುಡಕ್ಕೆ ಕೆಂಡ. ನಮ್ಮಲ್ಲಿ ಬಾಣಂತಿಗೆ ಮೈ ಕಾಯಲಿ, ಸೊಂಟ ಗಟ್ಟಿಯಾಗಲಿ ಎಂದು ಹೊರಸಿನ ಕೆಳಗೆ ಬುಟ್ಟಿಯಗಲದ ಅಗ್ಗಿಷ್ಟಿಗೆಯಲ್ಲಿ ಕೆಂಡ ಇಡುತ್ತಾರೆ. ಅದೂ ಎಂಥ ಬೇಸಿಗೆ! ಹೊರಗೆ ನಿಂತರೆ ನೆತ್ತಿ ಸುಡುತ್ತಿತ್ತು. ಕೆಂಡದ ಮೇಲೆ ಅಜವಾನ, ಬೇವಿನ ಎಲೆ ಹಾಕಿ ಹೊಗೆ ಬೇರೆ.

ನಾಲ್ಕು ದಿನ ಕಳೆದಿರಬಹುದು. ಒಂದು ಮುಂಜಾನೆ ನಾನು ಅಂಟಿನುಂಡೆ ಕಟ್ಟಿಕೊಂಡು ರೇಣುಕಾಳಿಗೆ ಕೊಡಲು ಹೋದೆ. ಹುಡುಗಿಯ ಮುಖ ಬೆವರಿ ಕೆಂಪಗಾಗಿತ್ತು. ಉಂಡೆ ಕೈಗೆ ತೆಗೆದುಕೊಂಡಳು, ಬಾಯಿಗೆ ಇಡಲಿಲ್ಲ.

“ತಲಿ ಸಿಡಿಯಾಕತ್ತೈತಿ ಹಸೀನಕ್ಕ. ವಾಂತಿ ಬಂದಂಗ ಆಗತೈತಿ. ನಿನ್ನಿನೂ ಹಿಂಗ ಆಗಿತ್ತು” ಅಂದಳು.

ನಾನು ಬಾಯಿ ತೆರೆಯುವ ಮೊದಲೇ ಹಿಂದೆ ನಿಂತಿದ್ದ ಫಕೀರವ್ವ, “ಥಂಡಿ ಹಿಡದೈತಿ. ನಿನ್ನಿ ಜಳಕ ಮಾಡಿಸಿದಾಗ ತಲಿ ಒಣಗಿದ್ದಿಲ್ಲ. ಕೆಂಡ ಇನ್ನಷ್ಟ ಹಾಕತೀನಿ ತಡಿ” ಅಂದರು. ಅಂದವರೇ ಹಾಕಿಯೂ ಬಿಟ್ಟರು.

“ಯವ್ವಾ, ಒಳಗ ಉಸುರ ಕಟ್ಟಿದಂಗ ಆಗತೈತಿ. ಬಾಗಲಾನರ ಒಂದೀಟು ತಗದಿಡ್ರಿ” ಅಂದೆ. ಸಮಾಧಾನದಿಂದಲೇ ಅಂದೆ.

ಅವರು ನನ್ನನ್ನು ಕಾಲಿಂದ ತಲೆಯ ತನಕ ನೋಡಿದರು. “ನೀ ಎರಡೂ ಹೊಟ್ಟಿ ಕೊಯ್ಸಿಕೊಂಡ ಹಡದಾಕಿ. ದವಾಖಾನ್ಯಾಗ ಫ್ಯಾನಿನ ಕೆಳಗ ಮಲಗಿ ಬಂದಾಕಿ. ಬಾಣಂತನ ಅಂದ್ರ ನಿನಗೇನ ಗೊತ್ತೈತಿ ತಂಗಿ?”

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರು ಅನ್ನುವುದು ಸುಳ್ಳಲ್ಲ. ಆಪರೇಶನ್ ಮಾಡಿಸಿಕೊಂಡು ಹಡೆದರೆ ಹಡೆದಂತಲ್ಲವೇ? ನನ್ನ ಎರಡು ಮಕ್ಕಳು ಮುಗಿಲಿನಿಂದ ಉದುರಿದವೇ? ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಗಂಗವ್ವ ಕಾಕಿ ನನ್ನ ಕೈ ಹಿಡಿದು ಹೊರಗೆ ಕರೆತಂದರು. “ಬ್ಯಾಡವ್ವಾ, ಬೀಗತಿ ಅದಾರ. ನಾಳೆ ನನ್ನ ಮಗಳ ಬಾಳೇವು ಅವರ ಮನ್ಯಾಗ ಆಗಬೇಕು” ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಆ ಮುಖ ನೋಡಿ ಸುಮ್ಮನೆ ಮನೆಗೆ ಬಂದೆ.

ಅದೇ ದಿನ ಮಧ್ಯಾಹ್ನ ಇಳಿಹೊತ್ತಿಗೆ ಗಾಳಿ ಎದ್ದಿತು. ಆ ಸಲದಷ್ಟು ಗಾಳಿಯನ್ನು ನಾನು ನೋಡಿರಲಿಲ್ಲ. ಮೊದಲು ಹೊಲದ ಮಣ್ಣೆಲ್ಲ ಮೇಲೆದ್ದು ಎದುರು ಮನೆ ಕಾಣದಾಯಿತು. ಆಮೇಲೆ ಯಾರದೋ ತಗಡು ಓಣಿಯಲ್ಲಿ ಧಡಧಡ ಉರುಳಿಕೊಂಡು ಹೋಯಿತು. ಬೇವಿನ ಟೊಂಗೆ ಮುರಿದು ಬಿತ್ತು. ಕರೆಂಟು ಹೋಯಿತು. ಅದರ ಹಿಂದೆಯೇ ಆಣಿಕಲ್ಲು ಮಳೆ. ನಮ್ಮ ಮೇಲೆಯೇ ಬಿತ್ತೇನೋ ಎನ್ನುವಂತೆ ಒಂದು ಸಿಡಿಲು ಹೊಡೆದಾಗ ನಾನು ಹೊಲಿಗೆ ಯಂತ್ರ ಬಿಟ್ಟು ಕಿವಿ ಮುಚ್ಚಿಕೊಂಡು ಕೂತೆ. ಗೋಡೆಯ ಗೂಟಕ್ಕೆ ಹಾಕಿದ್ದ ಪಾತ್ರೆಗಳು ಝಣ್ ಎಂದು ಅಲುಗಾಡಿದವು.

ಆಗ ನನಗೆ ಹೊಳೆಯಿತು. ಪಕ್ಕದ ಮನೆಯಲ್ಲಿ ಕೂಸು ಅಳುತ್ತಿಲ್ಲ.

ಬಾಗಿಲು ಕಿರ್ ಎಂದರೆ ಕಿರುಚುವ ಕೂಸು ಅದು. ಅಂಥ ಸಿಡಿಲಿಗೆ ಚಿಟ್ ಎನ್ನಲಿಲ್ಲವೆಂದರೆ ಹೇಗೆ? ಗೋಡೆಗೆ ಕಿವಿ ಕೊಟ್ಟು ಕೇಳಿದೆ. “ರೇಣವ್ವಾ!” ಎಂದು ಕೂಗಿದೆ. ಗೋಡೆ ಬಡಿದೆ. ಓ ಎನ್ನಲಿಲ್ಲ. ಮುಂಜಾನೆಯ ಅವಳ ಕೆಂಪು ಮುಖ ಕಣ್ಣ ಮುಂದೆ ಬಂತು. ತಲೆಯ ಮೇಲೆ ಒಂದು ಬುಟ್ಟಿ ಬೋರಲು ಹಾಕಿಕೊಂಡು ಆಣಿಕಲ್ಲಿನಲ್ಲೇ ಹೊರಗೆ ಬಿದ್ದೆ.

ಗಂಗವ್ವ ಕಾಕಿ ಆಡು ಹೊಡೆದುಕೊಂಡು ಬರಲು ಹೊಲದ ಕಡೆ ಹೋಗಿದ್ದರು. ಪಡಸಾಲೆಯಲ್ಲಿ ಫಕೀರವ್ವ ಒಬ್ಬರೇ ಬಾಣಂತಿಯ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು, ಕೈಯಲ್ಲಿ ಜಪಮಣಿ ಹಿಡಿದು ಕೂತಿದ್ದರು.

“ಬಾಗಲಾ ತಗೀರಿ. ಕೂಸು ಅಳಾಕತ್ತಿಲ್ಲ” ಅಂದೆ.

“ಮಲಗ್ಯಾವು. ಬೆಚ್ಚಗ ಮಲಗ್ಯಾವು. ಈ ಗಾಳ್ಯಾಗ ಬಾಗಲಾ ತಗದ್ರ ಹಸಿ ಬಾಣಂತಿಗೆ ಗಾಳಿ ಬಡಿತೈತಿ. ನಿನಗ ಹುಚ್ಚ ಹಿಡದೈತೇನ?”

“ಆ ಸಿಡಿಲಿಗೆ ಮಲಗತಾವೇನ್ರಿ? ಏಳ್ರಿ ಮ್ಯಾಲ!”

ಅವರು ಏಳಲಿಲ್ಲ. ಇನ್ನೂ ಗಟ್ಟಿಯಾಗಿ ಬಾಗಿಲಿಗೆ ಒತ್ತಿಕೊಂಡು ಕೂತರು. ಹಿರಿಯರ ಮೈಮೇಲೆ ಕೈ ಮಾಡಬಾರದು ಎನ್ನುವುದು ನನಗೂ ಗೊತ್ತು. ನಮ್ಮ ಮನೆಯಲ್ಲೂ ಅದನ್ನೇ ಕಲಿಸಿದ್ದಾರೆ. ಆದರೂ ಅವರ ರಟ್ಟೆ ಹಿಡಿದು ಎಳೆದು ಪಕ್ಕಕ್ಕೆ ಸರಿಸಿದೆ. ಅವರು ಕೆಳಗೆ ಬಿದ್ದರು. ಅದನ್ನು ಇವತ್ತಿಗೂ ಊರೆಲ್ಲ ಹೇಳಿಕೊಂಡು ತಿರುಗುತ್ತಾರೆ. ಹೌದು, ಬೀಳಿಸಿದೆ. ಮತ್ತೆ ಅಂಥ ಹೊತ್ತು ಬಂದರೆ ಮತ್ತೆ ಬೀಳಿಸುತ್ತೇನೆ.

ಕೊಂಡಿ ತೆಗೆದು ಬಾಗಿಲು ನೂಕಿದೆ. ಒಲೆಯ ಬಾಯಿ ತೆರೆದಂತೆ ಕಾವು ಮುಖಕ್ಕೆ ಬಡಿಯಿತು. ಕೆಂಡ ನಿಗಿನಿಗಿ ಉರಿಯುತ್ತಿತ್ತು. ಆ ಬೆಳಕಿನಲ್ಲಿ ಕಂಡಿತು, ರೇಣುಕಾ ಅರ್ಧ ಹೊರಸಿನ ಮೇಲೆ, ಅರ್ಧ ಕೆಳಗೆ ಜೋತುಬಿದ್ದಿದ್ದಳು. ಕೂಸು ತೊಟ್ಟಿಲಲ್ಲಿ ಅರಿವೆಯ ಗಂಟಿನಂತೆ ಬಿದ್ದಿತ್ತು. ಎತ್ತಿಕೊಂಡರೆ ಕತ್ತು ಅತ್ತ ವಾಲಿತು.

“ಯಾ ಅಲ್ಲಾ!” ಎಂದು ಚೀರಿ ಕೂಸನ್ನು ಪಡಸಾಲೆಗೆ ತಂದೆ. ಅಲ್ಲೂ ಗಾಳಿ ಸಾಲದೆನಿಸಿ ಹೊರಗಿನ ಕಟ್ಟೆಗೆ ತಂದು ಸೆರಗು ಮರೆ ಮಾಡಿ ಹಿಡಿದೆ. ಇರಚಲು ಬಡಿಯುತ್ತಿತ್ತು. ಬೆನ್ನು ತಿಕ್ಕಿದೆ, ಅಂಗಾಲು ತಿಕ್ಕಿದೆ. ಹಿಂದಿನಿಂದ ಫಕೀರವ್ವ, “ಮಳ್ಯಾಗ ಒಯ್ದಳೋ, ಕೂಸಿನ ಕೊಂದಳೋ!” ಎಂದು ಬೊಬ್ಬೆ ಹೊಡೆಯುತ್ತಿದ್ದರು. ಬೊಬ್ಬೆ ಹೊಡೆಯುತ್ತಲೇ ಏನು ಮಾಡಿದರು ಗೊತ್ತೇ? ಒಳಗೆ ಸೊಸೆ ಬಿದ್ದಿರುವಾಗಲೇ ಕೋಣೆಯ ಬಾಗಿಲನ್ನು ತಿರುಗಿ ಮುಚ್ಚಲು ಹೋದರು! ಗಾಳಿ ಬಡಿಯುತ್ತದಂತೆ! ನಾನು ಕೂಸನ್ನು ಎದೆಗೆ ಒತ್ತಿಕೊಂಡೇ ಓಡಿಬಂದು ಬಾಗಿಲಿಗೆ ಒದ್ದೆ. “ಕಣ್ಣ ತಗದು ನೋಡ್ರಿ, ಆಕಿ ಸಾಯಾಕತ್ತಾಳ!” ಎಂದು ಕೂಗಿದೆ. ಆಗ ಅವರು ಒಳಗೆ ನೋಡಿದರು. ನೋಡಿ ಅಲ್ಲೇ ನಿಂತುಬಿಟ್ಟರು.

ದೇವರು ದೊಡ್ಡವನು, ಅದೇ ಹೊತ್ತಿಗೆ ಗಂಗವ್ವ ಕಾಕಿ ತೊಯ್ದು ತಪ್ಪಡಿಯಾಗಿ ಬಂದರು. ಕೂಸು ನನ್ನ ಒಂದು ಕೈಯಲ್ಲಿ ಇದ್ದಂತೆಯೇ ನಾವಿಬ್ಬರೂ ಸೇರಿ ರೇಣುಕಾಳ ರಟ್ಟೆ ಹಿಡಿದು ಎಳೆದು ಕಟ್ಟೆಯ ಮೇಲೆ ಮಲಗಿಸಿದೆವು. ಮಳೆಯ ಹನಿ ಬಿದ್ದು ಕೂಸು ಮೊದಲು ಮುಖ ಕಿವುಚಿತು. ಆಮೇಲೆ ಒಂದು ಸಣ್ಣ ದನಿ ಬಂತು. ಆಮೇಲೆ ಅತ್ತಿತು. ಅದರ ಅಳು ಕೇಳಿ ನಾನೂ ಅತ್ತೆ. ರೇಣುಕಾ ಮಾತ್ರ ಕಣ್ಣು ಬಿಡಲಿಲ್ಲ. ಉಸಿರಿತ್ತು, ಅಷ್ಟೇ.

ಮಳೆ ಸ್ವಲ್ಪ ಸಣ್ಣಗಾದ ಕೂಡಲೇ ಓಣಿಯ ಟಂಟಂ ಗಾಡಿಯಲ್ಲಿ ಹಾಕಿಕೊಂಡು ರೋಣಕ್ಕೆ ಹೊರಟೆವು. ದಾರಿಗೆ ಜಾಲಿ ಮರ ಅಡ್ಡ ಬಿದ್ದಿತ್ತು. ಗಾಡಿಯವನು, ಎದುರಿಗೆ ಬಂದ ಇಬ್ಬರು ಬೈಕಿನವರು ಕೂಡಿ ಅದನ್ನು ಎಳೆದು ಸರಿಸಿದರು. ಮುಳ್ಳು ಚುಚ್ಚಿ ಅವರ ಕೈಯೆಲ್ಲ ರಕ್ತವಾಯಿತು. ಆ ಬೈಕಿನವರ ಹೆಸರು ಕೇಳುವುದಕ್ಕೂ ಆಗಲಿಲ್ಲ.

ದವಾಖಾನೆಯಲ್ಲಿ ತಾಯಿ ಮಗು ಇಬ್ಬರಿಗೂ ಆಮ್ಲಜನಕ ಹಚ್ಚಿದರು. ಕತ್ತಲಾಗುವ ಹೊತ್ತಿಗೆ ರೇಣುಕಾ ಕಣ್ಣು ಬಿಟ್ಟಳು. ಡಾಕ್ಟರಮ್ಮ ಹೊರಗೆ ಬಂದು ನಮ್ಮನ್ನೆಲ್ಲ ನಿಲ್ಲಿಸಿಕೊಂಡು ಬೈದರು. “ಸಂದು ಗೊಂದು ಎಲ್ಲ ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ವಿಷಗಾಳಿ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ, ಕಣ್ಣಿಗೆ ಕಾಣುವುದಿಲ್ಲ. ಮೊದಲು ತಲೆನೋವು, ವಾಂತಿ. ಆಮೇಲೆ ನಿದ್ದೆ ಬಂದ ಹಾಗೆ ಜೀವ ಹೋಗುತ್ತದೆ. ಇನ್ನು ಸ್ವಲ್ಪ ತಡವಾಗಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ” ಅಂದರು. ಫಕೀರವ್ವ ಗೋಡೆ ನೋಡುತ್ತಾ ನಿಂತಿದ್ದರು.

ಇಲ್ಲಿಗೆ ಮುಗಿಯಿತು ಅಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ. ಮನೆಗೆ ಬಂದ ಮೇಲೆ ಕೂಸಿಗೆ ನೆಗಡಿ ಬಂತು. ಯಾವ ಕೂಸಿಗೆ ಬರುವುದಿಲ್ಲ? ಅಷ್ಟಕ್ಕೆ ಸುದ್ದಿ ಹಬ್ಬಿತು, ಹಸೀನಾ ಮಳೆಯಲ್ಲಿ ಹಿಡಿದಳು, ಅದಕ್ಕೇ ಬಂತು. ನೋಡಲು ಬಂದ ಹೆಂಗಸರೆಲ್ಲ ಕಟ್ಟೆಯ ಮೇಲೆ ಕೂತು ಲೊಚ್ ಲೊಚ್ ಎಂದರು. ಒಬ್ಬಳು ನನ್ನ ಬಳಿ ಬ್ಲೌಸು ಹೊಲಿಸುವವಳು, ನನ್ನ ಮನೆಗೇ ಬಂದು, “ಹೋಗಿ ಹಿರ್ಯಾರ ಕಾಲ ಹಿಡದುಬಿಡವ್ವಾ, ತಪ್ಪಾತು ಅನ್ನು” ಎಂದು ಬುದ್ಧಿ ಹೇಳಿದಳು. ಅವಳ ಬ್ಲೌಸನ್ನು ಅರ್ಧ ಹೊಲಿದದ್ದನ್ನು ಹಾಗೇ ಕೈಗೆ ಕೊಟ್ಟು ಕಳಿಸಿದೆ. ಗಂಗವ್ವ ಕಾಕಿಯೂ, “ಅಂದ್ರ ಅನ್ನಲಿ ಬಿಡು, ನಿನಗೇನ ಕಡಿಮಿ ಆಗತೈತಿ” ಅಂದರು. ಅವರ ಮಗಳ ಜೀವ ಉಳಿಸಿದ್ದಕ್ಕೆ ನನಗೆ ಸಿಕ್ಕ ಮಾತು ಇದು.

ತಡೆಯಲಾಗಲಿಲ್ಲ. ನಳದ ಹತ್ತಿರ ನಾಲ್ಕು ಜನ ನೀರಿಗೆ ನಿಂತಿದ್ದಾಗಲೇ ಫಕೀರವ್ವನವರನ್ನು ಕೇಳಿದೆ. “ಡಾಕ್ಟರಮ್ಮ ಹೇಳಿದ್ದು ಕಿವಿಯಾರೆ ಕೇಳೀರಿ. ಮತ್ತ ನನ್ನ ಮ್ಯಾಲ ಯಾಕ ಗೂಬಿ ಕುಂಡ್ರಸ್ತೀರಿ?”

ಅವರು ಕೊಡ ಕೆಳಗಿಟ್ಟರು. “ನಾನೂ ನಾಕು ಹಡದೀನಿ. ನಾಕಕ್ಕೂ ಕೆಂಡ ಕಾಸ್ಕೊಂಡೀನಿ. ನಾ ಸತ್ತೆನೇನ?”

“ಆಗ ನಿಮ್ಮ ಮನ್ಯಾಗ ಬೆಳಕಿಂಡಿ ತೆರದಿತ್ತು. ಗ್ವಾಡಿ ತುಂಬ ಸಂದಿ ಇದ್ದವು, ಗಾಳಿ ಆಡತಿತ್ತು. ಈಗ ನೀವು ಸಿಮೆಂಟ ಬಡದು, ಪ್ಲಾಸ್ಟಿಕ್ ಹೊಚ್ಚಿ, ಡಬ್ಬಿ ಮುಚ್ಚಿದಂಗ ಮುಚ್ಚೀರಿ. ಅದರಾಗ ಕೆಂಡ ಇಟ್ರ ಏನಾಗತೈತಿ?”

ಅವರು ಬಗ್ಗಿ ಕೊಡದ ಬಾಯಿ ಒರೆಸುತ್ತಾ ಬೇರೆಯೇ ದನಿಯಲ್ಲಿ, “ನಾಕರಾಗ ಎರಡ ಉಳದಾವು ನನಗ. ಇನ್ನೆರಡು ಇಂಥಾ ಮಳ್ಯಾಗ, ಮಾಳಗಿ ಸೋರಿ, ಥಂಡಿ ಹಿಡದು ಹ್ವಾದವು” ಅಂದರು. ಕೊಡ ಎತ್ತಿಕೊಂಡು ನಡೆದರು. ನೀರು ತುಂಬಿಸಿಕೊಂಡಿರಲಿಲ್ಲ.

ಪಾಪ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಆ ದಿನ ಮಾಳಿಗೆ ಹತ್ತಿ ಅವರು ಯಾಕೆ ಹಾಗೆ ಮೆತ್ತಿದರೆಂದು ತಿಳಿಯಿತು. ಆದರೆ ಸಿಟ್ಟು ಇಳಿಯಲಿಲ್ಲ. ಎರಡು ಕೂಸು ಕಳೆದುಕೊಂಡವರು ಮೊಮ್ಮಗಳು ಉಳಿದಾಗ ಉಳಿಸಿದವರಿಗೆ ಒಂದು ಒಳ್ಳೆಯ ಮಾತು ಆಡಬಾರದೇ?

ಮೂರನೆಯ ತಿಂಗಳಲ್ಲಿ ರೇಣುಕಾ ಗಂಡನ ಮನೆಗೆ ಹೊರಟಳು. ಹೋಗುವ ಮೊದಲು ಕೂಸನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದಳು. ಕೂಸಿನ ತಲೆಗೆ ನಾನೇ ಹೊಲಿದ ಕುಂಚಿಗೆ ಹಾಕಿದೆ. ಎಷ್ಟೋ ದಿನದಿಂದ ಮನಸ್ಸಿನಲ್ಲಿದ್ದುದನ್ನು ಆಗ ಕೇಳಿದೆ. “ರೇಣವ್ವಾ, ಆವತ್ತ ನಿನಗ ಒಮ್ಮೆಲೇ ಎಚ್ಚರ ತಪ್ಪಿತೇನ? ಒಂದ ಸಲಾನರ ಬಾಗಲಾ ಬಡೀಬೇಕಿಲ್ಲೇನ? ನಿಮ್ಮತ್ತಿ ಅಲ್ಲೇ ಕುಂತಿದ್ರು.”

ಅವಳು ಕೂಸಿನ ಕುಂಚಿಗೆಯ ದಾರ ಕಟ್ಟುತ್ತಾ ಹೇಳಿದಳು. “ಎಚ್ಚರ ಇತ್ತಕ್ಕಾ. ಕಣ್ಣ ಕತ್ತಲಿ ಬರಾಕತ್ತಿತ್ತು. ಗ್ವಾಡಿ ಹಿಡಕೊಂಡು ಬಾಗಲ ತನಕಾ ಬಂದಿದ್ದೆ. ಬಡೀಬೇಕು ಅಂತ ಕೈ ಎತ್ತಿದ್ದೆ. ಅತ್ತಿ ಬೈತಾರ ಅಂತ ತಿರುಗಿ ಹೋಗಿ ಮಲಗಿದೆ.”

ಅವಳು ಅದನ್ನು ನೀರು ಕುಡಿದೆ ಅಂದಷ್ಟು ಸಲೀಸಾಗಿ ಹೇಳಿದ್ದಳು. ನನ್ನ ಮೇಲೆ ಬಂದ ಮಾತೆಲ್ಲ ಆ ಒಂದು ಕ್ಷಣದಲ್ಲಿ ಸಣ್ಣದಾಯಿತು. ತಲೆ ಸಿಡಿಯುತ್ತದೆ ಎಂದು ಬಾಯಿಬಿಟ್ಟು ಹೇಳಿದಳು, ಇನ್ನಷ್ಟು ಕೆಂಡ ಹಾಕಿದರು. ಆಮೇಲೆ ಹೇಳುವುದನ್ನೇ ಬಿಟ್ಟಳು.

ಈಗ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಬಾಣಂತಿ ಇದ್ದರೂ ನಾನು ಹೋಗುತ್ತೇನೆ. ಪಡಸಾಲೆಯಲ್ಲಿ ಕೂತ ಹಿರಿಯರಿಗೆ ನಮಸ್ಕಾರ ಮಾಡುತ್ತೇನೆ, ಆದರೆ ಬಾಣಂತಿ ಹೇಗಿದ್ದಾಳೆಂದು ಅವರನ್ನು ಕೇಳುವುದಿಲ್ಲ. ನೇರ ಒಳಗೆ ಹೋಗಿ ಆ ಹುಡುಗಿಯ ಪಕ್ಕದಲ್ಲಿ ಕೂತು, “ನಿನಗ ಏನ ಆಗಾಕತ್ತೈತಿ, ನೀ ಹೇಳು” ಎಂದು ಕೇಳುತ್ತೇನೆ. ಹೇಳುವ ತನಕ ಏಳುವುದಿಲ್ಲ. ಬಾಗಿಲು ತೆರೆದಿಟ್ಟೇ ಕೂತಿರುತ್ತೇನೆ, ಯಾರು ಏನಾದರೂ ಅಂದುಕೊಳ್ಳಲಿ.